ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದ ಮಾತು

"ಯಾರದು? ನಾಯಿ ಮುಟ್ಟಬೇಡಿ!"

ಬೋನಿನೊಳಗೆ ನೆಲದ ಮೇಲೆ ಕೂತಿದ್ದವನು ತಲೆ ಎತ್ತಲಿಲ್ಲ. ಗಾಯಗೊಂಡ ಕಂದು ನಾಯಿ ಅವನ ತೊಡೆಯ ಮೇಲೆ ಮುಖವಿಟ್ಟು ಮಲಗಿತ್ತು.

"ಮೆಲ್ಲಗೆ ಮೇಡಂ. ಈಗಷ್ಟೇ ಕಣ್ಣು ಮುಚ್ಚಿದ್ದಾಳೆ. ಬೈಯೋದಿದ್ರೆ ಹೊರಗೆ ಬಂದು ಬೈಸ್ಕೋತೀನಿ."

ನಾಯಿಕಾಳಗದವರು ಸಾಕ್ಷ್ಯ ಅಳಿಸಲು ಕಳಿಸಿದ ಆಳೆಂದು ತಿಳಿದು ವರ್ನಾ ಟೇಟ್ ಕೂಗಿದ್ದಳು. ಆದರೆ ಅವನು ನಾಯಿಗೆ ಚಿಕಿತ್ಸೆ ಕೊಡಲು ಬಂದಿದ್ದ ಪಶುವೈದ್ಯ ಎಮೆಟ್ ಹೋಲ್ಕಂ.

ಅವಳು ಸರ್ಕಾರಿ ವಕೀಲೆ. ಅಲಬಾಮಾದ ಯಾವ ಮೂಲೆಯಲ್ಲಿ ನಾಯಿಗಳನ್ನು ಕಚ್ಚಾಡಿಸಿದರೂ ಕೇಸು ನಡೆಸಲು ಹೋಗುವವಳು. ಕೂದಲು ನರೆಯುವವರೆಗೂ ಅದೇ ಕೆಲಸ. ಊರೂರಿನ ಮೋಟೆಲ್ ಕೋಣೆಗಳಲ್ಲಿ ಟಿವಿಯ ಸದ್ದನ್ನೇ ಜೊತೆಗಿಟ್ಟುಕೊಂಡು ಒಬ್ಬಳೇ ಉಣ್ಣುವುದು ರೂಢಿಯಾಗಿಬಿಟ್ಟಿತ್ತು.

ಕೇಸಿನ ಮಾತಿಗೆಂದು ಹೋಟೆಲಿನಲ್ಲಿ ಕೂತರೆ ಎಮೆಟ್ ಜೋಳದ ಬ್ರೆಡ್ಡನ್ನು ಅವಳತ್ತ ತಳ್ಳುತ್ತಿದ್ದ.

"ನಿಮ್ಮ ಕಣ್ಣು ಯಾವಾಗ್ಲೂ ಬಾಗಿಲ ಕಡೆಗೇ."

"ಬೆದರಿಕೆ ಬರ್ತಿರುತ್ತೆ. ಅಭ್ಯಾಸ."

"ಒಂದ್ಸಲ ಈ ಕಡೆ ನೋಡಿ. ಬಾಗಿಲು ನಾನು ನೋಡ್ಕೋತೀನಿ."

ನೋಡಿದಳು. ಅವನೂ ಬಾಗಿಲನ್ನು ನೋಡುತ್ತಿರಲಿಲ್ಲ. ಅವಳೇ ಮೊದಲು ಕಣ್ಣು ತಗ್ಗಿಸಿ ಬ್ರೆಡ್ಡು ಮುರಿದಳು. ಅವತ್ತು ಮೋಟೆಲ್ ಕೋಣೆ ಎಂದಿಗಿಂತ ಹೆಚ್ಚು ಖಾಲಿಯೆನಿಸಿತು.

ವಿಚಾರಣೆಯ ದಿನ ಎಮೆಟ್ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಆರೋಪಿಯ ವಕೀಲ ನಕ್ಕ.

"ಡಾಕ್ಟರ್, ಸರ್ಕಾರಿ ವಕೀಲೆ ಜೊತೆ ದಿನಾ ಊಟ ಮಾಡ್ತೀರಂತೆ. ಅವರ ಮೇಲೆ ಪ್ರೀತಿ, ಅದಕ್ಕೇ ಈ ಸಾಕ್ಷಿ. ಅಲ್ವಾ?"

ಎದ್ದು ಆಕ್ಷೇಪಿಸಬೇಕಿತ್ತು. ವರ್ನಾ ಎಮೆಟ್‌ನ ಉತ್ತರಕ್ಕೆ ಕಾದಳು.

"ಪ್ರೀತಿ ಇದೆ. ಅವರಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು." ಕೋರ್ಟೆಲ್ಲ ನಕ್ಕಿತು. ಅವನು ನಗಲಿಲ್ಲ. "ಆದ್ರೆ ಆ ಕಂದು ನಾಯಿಯ ದವಡೆ ಮುರಿದಾಗ ನನಗೆ ಇವರ ಪರಿಚಯವೇ ಇರಲಿಲ್ಲ. ಆ ದವಡೆಯ ಎಕ್ಸ್‌ರೇಗೆ ಯಾರ ಮೇಲೂ ಪ್ರೀತಿ ಇಲ್ಲ ಸ್ವಾಮಿ. ಅದನ್ನೇ ನೋಡಿ."

ಜ್ಯೂರಿ ನೋಡಿತು. ಆರೋಪಿಗೆ ಜೈಲಾಯಿತು.

ಹೊರಗೆ ತನ್ನ ಕಾರಿನ ಬಳಿ ವರ್ನಾ ಅವನ ಮೇಲೆ ರೇಗಿದಳು. "ಕೇಸೇ ಮುಳುಗ್ತಿತ್ತಲ್ಲ!"

"ಪ್ರಮಾಣ ಮಾಡಿದ್ದೆ. ಸುಳ್ಳು ಹೇಳ್ಲಾ?" ಆಮೇಲೆ ಮೆಲ್ಲಗೆ ಕೇಳಿದ, "ಮುಂದಿನ ಕೇಸಿಗೂ ಕರೀತೀರಾ?"

"ಇಲ್ಲ. ಇನ್ಮೇಲೆ ನಿಮ್ಮನ್ನ ಸಾಕ್ಷಿಗೆ ಕರೆಯೋಕ್ಕಾಗಲ್ಲ."

ಅವನ ಮುಖ ಬಾಡಿತು. "ನಾನು ಹಾಗೆ ಹೇಳಿದ್ದಕ್ಕಾ?"

"ಅಲ್ಲ ಡಾಕ್ಟ್ರೇ. ಅದೇ ಪ್ರಶ್ನೆ ನನ್ನನ್ನ ಕೇಳಿದ್ರೆ, ನಾನೂ ಸುಳ್ಳು ಹೇಳೋಕ್ಕಾಗಲ್ಲ."

ಎಮೆಟ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವಳು ಪಕ್ಕದ ಸೀಟಿನ ಮೇಲೆ ವರ್ಷಗಳಿಂದ ಬಿದ್ದಿದ್ದ ಫೈಲುಗಳನ್ನೆಲ್ಲ ಹಿಂದಕ್ಕೆ ಎಸೆದು ಜಾಗ ಮಾಡುತ್ತಿದ್ದಳು.