ಬಂಡೆಯ ಎಡಗಡೆ ದಾರಿ

“ಎಡಗಡೆಯಿಂದ ಹೋಗು,” ಎಂದಳು ಚಾಂಪಿ. ಹಾಗೆ ಹೇಳುವಾಗ ಅವಳ ಕಣ್ಣು ತನ್ನ ಸೈಕಲ್ಲಿನ ಮುಂದಿನ ಚಕ್ರದ ಮೇಲಿತ್ತು.

“ಎಡಗಡೆನಾ? ನಿಜವಾಗ್ಲೂ?”

ಹಳದಿ ಹೆಲ್ಮೆಟ್ಟಿನ ಹುಡುಗಿ ಇಳಿಜಾರಿನ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು. ಕೆಳಗೆ, ಮರಗಳ ನಡುವೆ, ಆನೆ ಮಲಗಿದಂತೆ ಒಂದು ದೊಡ್ಡ ಬಂಡೆ. ಅದರ ಬಲಕ್ಕೊಂದು ದಾರಿ, ಎಡಕ್ಕೊಂದು ದಾರಿ. ಬಲಗಡೆಯದು ಅಗಲವಾಗಿ, ಆರಾಮಾಗಿ, ಬಂಡೆಯನ್ನು ಬಳಸಿಕೊಂಡು ಇಳಿಯುತ್ತಿತ್ತು. ಎಡಗಡೆಯದು ಇಕ್ಕಟ್ಟು. ಅಡ್ಡಡ್ಡ ಮರದ ಬೇರುಗಳು, ಮೇಲೆ ಹಸಿ ಮಣ್ಣು.

ಎರಡೂ ಕಡೆ ಮರುದಿನದ ಸೈಕಲ್ ರೇಸಿನವರು ಕೆಂಪು ಟೇಪು ಕಟ್ಟಿದ್ದರು. ಯಾವುದರಲ್ಲಿ ಬೇಕಾದರೂ ಹೋಗಬಹುದಿತ್ತು. ಆದರೆ ಎಲ್ಲರೂ ಬಲಗಡೆಯೇ ಹೋಗುತ್ತಿದ್ದರು. ಎಡಗಡೆ ಹೋದವರು ಸಾಮಾನ್ಯವಾಗಿ ತಮ್ಮ ಸೈಕಲ್ಲಿಗಿಂತ ಮೊದಲೇ ಕೆಳಗೆ ತಲುಪುತ್ತಿದ್ದರು.

“ಎಡಗಡೆ ಹತ್ತಿರ ಆಗತ್ತೆ,” ಎಂದಳು ಚಾಂಪಿ. ಅದು ಸುಳ್ಳಲ್ಲ. ನೋಡಿದರೇ ಗೊತ್ತಾಗುತ್ತಿತ್ತು.

“ನೀನು ಯಾವಾಗ್ಲೂ ಹಾಗೇ ಹೋಗ್ತೀಯಾ?”

“ಹ್ಞೂಂ.” ಇದು ಮಾತ್ರ ಸುಳ್ಳು.

“ಥ್ಯಾಂಕ್ಸ್ ಕಣೇ. ನಂಗೆ ಇಲ್ಲಿ ಯಾರೂ ಗೊತ್ತಿಲ್ಲ. ಯಾರನ್ನ ಕೇಳೋದು ಅಂತಿದ್ದೆ. ಎಲ್ಲರೂ ಚಾಂಪಿಯನ್ ಅನ್ನೋ ನೀನೇ ಸಿಕ್ಕಿಬಿಟ್ಟೆ!”

ಚಾಂಪಿಯ ಕಿವಿ ಬಿಸಿಯಾಯಿತು. ಅವಳು ಸೈಕಲ್ ತಿರುಗಿಸಿ ಮನೆ ಕಡೆ ಹೊರಟಳು. ಹಿಂತಿರುಗಿ ನೋಡಲಿಲ್ಲ. ಅಭ್ಯಾಸಕ್ಕೆ ಬಂದಿದ್ದ ಉಳಿದವರೆಲ್ಲ ಆಗಲೇ ಹೋಗಿಯಾಗಿತ್ತು.

ಚಾಂಪಿ ಎನ್ನುವುದು ಚಾಂಪಿಯನ್ ಎಂಬ ಪದದ ಮುದ್ದು ರೂಪ. ಅವಳು ಮೌಂಟನ್ ಬೈಕ್ ರೇಸಿನಲ್ಲಿ ಮೊದಲ ಸಲ ಗೆದ್ದ ದಿನ ಅಪ್ಪ ಹಾಗೆ ಕರೆದರು. ಆಮೇಲೆ ಬೀದಿಯವರು, ಶಾಲೆಯವರು, ಹಾಲು ತರುವವರು ಎಲ್ಲರೂ ಹಾಗೇ ಕರೆದರು. ಅವಳು ಒಂದು ರೇಸನ್ನೂ ಸೋತಿರಲಿಲ್ಲ. ಮನೆಯ ಗೋಡೆಯ ಮೇಲೆ ಚಿನ್ನದ ಬಣ್ಣದ ಪದಕಗಳು ಸಾಲಾಗಿ ತೂಗುತ್ತಿದ್ದವು.

ಸೋಲದಿರಲು ಒಂದು ಸಣ್ಣ ಕಾರಣವಿತ್ತು. ಹನ್ನೆರಡು ವರ್ಷದೊಳಗಿನ ಹುಡುಗಿಯರ ರೇಸಿಗೆ ಅವಳ ಹೊರತು ಬೇರೆ ಯಾರೂ ಬರುತ್ತಿರಲಿಲ್ಲ.

ಇದನ್ನು ಅವಳು ಬಚ್ಚಿಟ್ಟಿದ್ದಳು ಅಂತಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. “ಎಷ್ಟನೇ ಸ್ಥಾನ?” ಎಂದು ಕೇಳುವವರು “ಎಷ್ಟು ಜನ ಇದ್ರು?” ಎಂದು ಕೇಳುವುದಿಲ್ಲ. ಅಪ್ಪನದು ಕನ್ನಡಕದ ಅಂಗಡಿ. ಅಲ್ಲಿ ಚಾಂಪಿಯ ಒಂದು ದೊಡ್ಡ ಫೋಟೋ ಇತ್ತು. ಬಹುಮಾನದ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದರ ಮೇಲೆ ಅವಳು ಕೈ ಎತ್ತಿ ನಿಂತಿದ್ದಾಳೆ. ಅಕ್ಕಪಕ್ಕದ ಖಾಲಿ ಮೆಟ್ಟಿಲುಗಳು ಫ್ರೇಮಿನೊಳಗೆ ಬಂದಿರಲಿಲ್ಲ. ಊರಿನವರ ಕಣ್ಣಿಗೆ ಏನೇನು ಕಾಣುವುದಿಲ್ಲ ಎಂದು ಪರೀಕ್ಷಿಸುವ ಅಪ್ಪನಿಗೆ ಅದು ದೊಡ್ಡ ವಿಷಯ ಎನಿಸಿರಲಿಲ್ಲ.

ಈಗ ಈ ಹಳದಿ ಹೆಲ್ಮೆಟ್ ಎಲ್ಲಿಂದಲೋ ಬಂದು ವಕ್ಕರಿಸಿತ್ತು. ಅವಳ ಸೈಕಲ್ ಹಳೆಯದು. ಸೀಟಿಗೆ ತೇಪೆ ಹಾಕಿತ್ತು. ಆದರೆ ಏರಿನಲ್ಲಿ ಅವಳು ಹತ್ತುವುದನ್ನು ಚಾಂಪಿ ನೋಡಿದ್ದಳು. ಒಮ್ಮೆಯೂ ನಿಲ್ಲದೆ, ಇಳಿಯದೆ ಹತ್ತಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿದರು. ಅಮ್ಮ ನರ್ಸ್. ಭಾನುವಾರ ಡ್ಯೂಟಿ ಇದ್ದುದರಿಂದ ಯೂನಿಫಾರ್ಮಿನಲ್ಲೇ ಬಾಗಿಲಿಗೆ ಬಂದು, “ಹುಷಾರಾಗಿ ಹೋಗು ಚಿನ್ನ, ಮುಗಿದ ಕೂಡ್ಲೇ ಫೋನ್ ಮಾಡು,” ಎಂದರು.

“ಫೋನ್ ಯಾಕೆ? ಗೊತ್ತಿರೋದೇ ಅಲ್ವಾ!” ಎಂದು ಅಪ್ಪ ನಕ್ಕರು.

ರೇಸ್ ಶುರುವಾಗುವ ಜಾಗದಲ್ಲಿ ಹಳದಿ ಹೆಲ್ಮೆಟ್ ಆಗಲೇ ಬಂದು ನಿಂತಿತ್ತು. ಮೊಣಕೈಗೆ ಬ್ಯಾಂಡೇಜು. ಎರಡೂ ಮೊಣಕಾಲಿಗೆ ಅಂಟುಪಟ್ಟಿ. ಗಲ್ಲದ ಮೇಲೆ ಒಂದು ಗೀರು.

“ಬಿದ್ಯಾ?” ಎಂದು ಕೇಳಿದಳು ಚಾಂಪಿ. ಸ್ವರ ಸಣ್ಣದಾಗಿ ಬಂತು.

“ಬಿದ್ದೆ,” ಎಂದು ಅವಳು ಹಲ್ಲು ಬಿಟ್ಟು ನಕ್ಕಳು.

ಚಾಂಪಿಗೆ ಒಮ್ಮೆ ಸಮಾಧಾನವಾಯಿತು. ಒಮ್ಮೆ ನಾಚಿಕೆಯಾಯಿತು. ಬಾಯಿ ತೆರೆದು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಸೀಟಿ ಊದಿದರು.

ಗುಡ್ಡಕ್ಕೆ ಎರಡು ಸುತ್ತು. ಮೊದಲು ಏರು, ಆಮೇಲೆ ಕಾಡಿನ ದಾರಿ, ಆಮೇಲೆ ಬಂಡೆಯ ಇಳಿಜಾರು, ಕೊನೆಗೆ ಮೈದಾನ. ಚಾಂಪಿ ಮುಂದೆ ಹೊರಟಳು. ಟೇಪಿನ ಆಚೆ ಅಪ್ಪ ಓಡುತ್ತ, “ಪೆಡಲ್ ಮಾಡು! ಪೆಡಲ್ ಮಾಡು!” ಎಂದು ಕೂಗುತ್ತಿದ್ದರು. ಹೇಳದಿದ್ದರೆ ಅವಳು ಸೈಕಲ್ ಮೇಲೆ ಕೂತು ನಿದ್ದೆ ಮಾಡಿಬಿಡುತ್ತಾಳೆ ಅನ್ನುವ ಹಾಗೆ.

ಏರು ಹತ್ತುವಾಗ ಹಿಂದಿನಿಂದ ಉಸಿರಿನ ಸದ್ದು ಕೇಳಿಸಿತು. ಕಾಡಿನೊಳಗೂ ಕೇಳಿಸಿತು. ಇಷ್ಟು ದಿನ ಚಾಂಪಿ ಕೇಳಿದ್ದು ತನ್ನ ಉಸಿರು ಮಾತ್ರ. ಈಗ ಕುತ್ತಿಗೆಯ ಹಿಂದೆಯೇ ಯಾರೋ ಇದ್ದಾರೆ. ಅವಳು ಎಂದೂ ತುಳಿಯದಷ್ಟು ಜೋರಾಗಿ ತುಳಿದಳು.

ಬಂಡೆ ಬಂತು. ಚಾಂಪಿ ಬಲಕ್ಕೆ ತಿರುಗಿದಳು. ‘ನಿನ್ನೆ ಅಷ್ಟು ಬಿದ್ದಿದ್ದಾಳೆ, ಇವತ್ತು ಅವಳೂ ನನ್ನ ಹಿಂದೆಯೇ ಬರುತ್ತಾಳೆ,’ ಅಂದುಕೊಂಡಳು.

ಹಿಂದೆ ಯಾರೂ ಬರಲಿಲ್ಲ. ಬಂಡೆಯ ಆಚೆಯಿಂದ ಢಬಢಬ ಎಂದು ಚಕ್ರಗಳು ಬೇರಿನ ಮೇಲೆ ಹಾರುವ ಸದ್ದು ಬಂತು. ಚಾಂಪಿ ಬಂಡೆಯನ್ನು ಬಳಸಿ ಕೆಳಗೆ ಇಳಿದಾಗ ಹಳದಿ ಹೆಲ್ಮೆಟ್ ಮುಂದೆ ಇತ್ತು. ಬಹಳ ಮುಂದೆ ಇತ್ತು.

ಗೆಲ್ಲುವ ಹುಡುಗಿಯ ಬೆನ್ನು ಹೇಗಿರುತ್ತದೆ ಎಂದು ಚಾಂಪಿ ಅದೇ ಮೊದಲು ನೋಡುತ್ತಿದ್ದಳು.

ಎರಡನೇ ಸುತ್ತಿನ ಏರಿನಲ್ಲಿ ಅವಳು ಹಲ್ಲು ಕಚ್ಚಿ ತುಳಿದಳು. ತೊಡೆ ಉರಿಯಿತು, ಗಂಟಲು ಒಣಗಿತು. ಆದರೂ ಹಳದಿ ಹೆಲ್ಮೆಟ್ ಸ್ವಲ್ಪ ಸ್ವಲ್ಪವೇ ಹತ್ತಿರವಾಯಿತು. ಕಾಡಿನ ದಾರಿಯಲ್ಲಿ ಅವಳ ಹಿಂದಿನ ಚಕ್ರದಿಂದ ಸಿಡಿದ ಕೆಸರು ಚಾಂಪಿಯ ಮೂಗಿಗೆ ಬಡಿಯಿತು. ಅಷ್ಟು ಹತ್ತಿರ!

ಮತ್ತೆ ಬಂಡೆ. ಹಳದಿ ಹೆಲ್ಮೆಟ್ ಯೋಚಿಸದೆ ಎಡಕ್ಕೆ ಇಳಿಯಿತು. ಚಾಂಪಿಯೂ ಎಡಕ್ಕೆ ತಿರುಗಬೇಕು ಅಂದುಕೊಂಡಳು. ಆದರೆ ಬೇರುಗಳು ಕಂಡಿದ್ದೇ ತಡ, ಬೆರಳುಗಳು ತಾವಾಗಿಯೇ ಬ್ರೇಕನ್ನು ಅಮುಕಿದವು. ಅವಳು ಬಲಕ್ಕೆ ಹೋದಳು.

ಮೈದಾನದಲ್ಲಿ ಅವಳು ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದಳು. ಸಾಲಲಿಲ್ಲ.

ಬಹುಮಾನದ ಹೊತ್ತಿಗೆ ಎತ್ತರದ ಮೆಟ್ಟಿಲ ಮೇಲೆ ಹಳದಿ ಹೆಲ್ಮೆಟ್ಟಿನವಳು ನಿಂತಳು, ಪಕ್ಕದ ಮೆಟ್ಟಿಲ ಮೇಲೆ ಚಾಂಪಿ. ಮೂರನೆಯ ಮೆಟ್ಟಿಲ ಮೇಲೆ ಯಾರದೋ ಬಾಳೆಹಣ್ಣಿನ ಸಿಪ್ಪೆ ಇತ್ತು.

ಮೈಕ್ ಹಿಡಿದಿದ್ದ ಅಂಕಲ್ಲಿಗೆ ಮಾತೆಂದರೆ ಬಹಳ ಇಷ್ಟ. “ಹೇಳಮ್ಮಾ, ಹೇಗೆ ಗೆದ್ದೆ?” ಎಂದು ಮೈಕನ್ನು ಗೆದ್ದವಳ ಮೂಗಿಗೇ ಹಿಡಿದರು.

“ಎಡಗಡೆ ದಾರಿಯಿಂದ ಗೆದ್ದೆ. ಅದನ್ನ ಇವಳೇ ಹೇಳಿಕೊಟ್ಟಿದ್ದು,” ಎಂದು ಅವಳು ಚಾಂಪಿಯನ್ನು ತೋರಿಸಿದಳು. “ನಿನ್ನೆ ಅಲ್ಲಿ ತುಂಬಾ ಸಲ ಬಿದ್ದೆ. ಸಾಕಪ್ಪಾ ಅನ್ನಿಸ್ತು. ಆದ್ರೆ ಚಾಂಪಿಯನ್ ಆದವಳೇ ಹೇಳಿದಾಳೆ ಅಂದ್ಮೇಲೆ ಸುಮ್ಮನೆ ಹೇಳಿರಲ್ಲ, ನಂಗೇ ಸರಿಯಾಗಿ ಬರ್ತಿಲ್ಲ ಅಂದ್ಕೊಂಡೆ. ಬರೋ ತನಕ ಬಿಡಲಿಲ್ಲ.”

ಮೈಕ್ ಅಂಕಲ್ ಒಂದು ಕ್ಷಣ ಮಾತು ಮರೆತರು. ಆಮೇಲೆ ಡಬಲ್ಲಾಗಿ ನೆನಪಿಸಿಕೊಂಡರು.

“ಕೇಳಿದ್ರಾ! ತಾನು ಸೋತರೂ ಪರವಾಗಿಲ್ಲ ಅಂತ ಎದುರಾಳಿಗೆ ಗೆಲ್ಲೋ ದಾರಿ ತೋರಿಸಿದ ಹುಡುಗಿ! ಇಂಥ ದೊಡ್ಡ ಮನಸ್ಸು ನಮ್ಮಂಥ ದೊಡ್ಡವರಿಗೂ ಇಲ್ಲ ಸ್ವಾಮೀ! ಜೋರಾಗಿ ಚಪ್ಪಾಳೆ!”

ಚಪ್ಪಾಳೆ ಬಿತ್ತು. ಗೆದ್ದವಳಿಗೆ ಬಿದ್ದದ್ದಕ್ಕಿಂತ ಜೋರಾಗಿ ಬಿತ್ತು. ಮೈಕ್ ಅಂಕಲ್ ಮೇಜಿನ ಕೆಳಗೆ ಹುಡುಕಿ ಒಂದು ಹೊಸ ನೀರಿನ ಬಾಟಲಿ ತಂದು, “ಇದು ದೊಡ್ಡ ಮನಸ್ಸಿನ ವಿಶೇಷ ಬಹುಮಾನ!” ಎಂದು ಚಾಂಪಿಯ ಕೈಗೆ ಕೊಟ್ಟರು. ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವಳು ಗೆದ್ದಾಗ ಒಮ್ಮೆಯೂ ಅವರು ಅತ್ತಿರಲಿಲ್ಲ.

ಚಾಂಪಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ನುಂಗಲಿಲ್ಲ. ಬದಲಿಗೆ ಫೋಟೋ ತೆಗೆದರು.

ಎಲ್ಲರೂ ಸೈಕಲ್ ತೊಳೆಯುವ ನಲ್ಲಿಯ ಹತ್ತಿರ ಹಳದಿ ಹೆಲ್ಮೆಟ್ಟಿನವಳು ಒಬ್ಬಳೇ ಇದ್ದಳು. ಪೈಪು ಹಿಡಿದು ಚಕ್ರದ ಕೆಸರು ತೊಳೆಯುತ್ತಿದ್ದಳು. ಚಾಂಪಿ ಪಕ್ಕದಲ್ಲಿ ಹೋಗಿ ನಿಂತಳು. ಒಂದೇ ಉಸಿರಿಗೆ ಹೇಳಿದಳು.

“ನಾನು ಎಡಗಡೆ ಒಂದು ಸಲಾನೂ ಹೋಗಿಲ್ಲ. ನಂಗೆ ಭಯ. ನೀನು ಬೀಳ್ಲಿ ಅಂತಾನೇ ಹೇಳಿದ್ದು.”

ಪೈಪಿನ ನೀರು ಒಂದೇ ಕಡೆ ಬೀಳುತ್ತಲೇ ಇತ್ತು. ಅಲ್ಲೊಂದು ಗುಂಡಿ ಆಗತೊಡಗಿತು.

“ನಿಜವಾಗ್ಲೂನಾ?”

“ಹ್ಞೂಂ.”

ಅವಳು ತನ್ನ ಮೊಣಕೈಯನ್ನು ನೋಡಿಕೊಂಡಳು. ಮೊಣಕಾಲು ನೋಡಿಕೊಂಡಳು. ಮುಖ ಕೆಂಪಾಯಿತು.

“ರಾತ್ರಿ ಸ್ನಾನ ಮಾಡುವಾಗ ಎಷ್ಟು ಉರೀತು ಗೊತ್ತಾ ನಿಂಗೆ?”

ಚಾಂಪಿ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಬಾಟಲಿಯನ್ನು ಮುಂದೆ ಚಾಚಿದಳು. “ಇದು... ನೀನೇ ಇಟ್ಕೋ.”

“ನಂಗ್ಯಾಕೆ? ನಿನ್ನ ದೊಡ್ಡ ಮನಸ್ಸು, ನೀನೇ ಇಟ್ಕೋ!”

ಹಳದಿ ಹೆಲ್ಮೆಟ್ಟಿನವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿ, ಸೈಕಲ್ ತಳ್ಳಿಕೊಂಡು ಹೊರಟಳು. ಸ್ವಲ್ಪ ದೂರ ಹೋಗಿ ನಿಂತಳು. ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಹೇಳದೆ ಇರಲಾಗಲಿಲ್ಲವೇನೋ.

“ಎರಡನೇ ಸುತ್ತಲ್ಲಿ ನಿನ್ನ ಸೈಕಲ್ ಸದ್ದು ನನ್ನ ಬೆನ್ನ ಹಿಂದೇನೇ ಕೇಳ್ತಿತ್ತು. ಕಾಡೊಳಗೆ. ಎದೆ ಹೊಡ್ಕೋತಿತ್ತು ನಂಗೆ. ಈಗ ಹಿಡಿದೇಬಿಡ್ತಾಳೆ ಅಂದ್ಕೊಂಡೆ.”

“ನಂದೂ ಹೊಡ್ಕೋತಿತ್ತು,” ಎಂದಳು ಚಾಂಪಿ. “ಮೊದಲನೇ ಸುತ್ತಲ್ಲಿ.”

ಅವಳು ನಗಲಿಲ್ಲ. ಬೈಯಲೂ ಇಲ್ಲ. “ಮುಂದಿನ ರೇಸಲ್ಲಿ ನಿನ್ನ ಹತ್ರ ಏನೂ ಕೇಳಲ್ಲ,” ಎಂದಳು.

“ಬರ್ತೀಯಲ್ಲಾ ಆದ್ರೆ?” ಚಾಂಪಿ ಥಟ್ಟನೆ ಕೇಳಿದಳು. ಕೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಿನ್ನೆ ಇದೇ ಹುಡುಗಿ ಬರದಿದ್ದರೆ ಸಾಕು ಅನ್ನಿಸಿತ್ತು.

“ಬರದೇ ಏನು?” ಎಂದು ಹೇಳಿ ಅವಳು ಹೋದಳು.

ಕಾರಿನಲ್ಲಿ ಅಪ್ಪ ಬಾಯಿ ತುಂಬ ಹೊಗಳುತ್ತಿದ್ದರು. ಬಾಟಲಿಯನ್ನು ಅಂಗಡಿಯಲ್ಲಿ ಎಲ್ಲಿ ಇಡಬೇಕು ಎಂದೂ ಯೋಚಿಸಿಯಾಗಿತ್ತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಅಮ್ಮ.

“ಹೇಗಾಯ್ತೇ ಚಿನ್ನ?”

ಇಷ್ಟು ದಿನ ಈ ಪ್ರಶ್ನೆಗೆ ಚಾಂಪಿ “ಗೆದ್ದೆ” ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಬ್ಬಳೇ ಹೋಗಿ ಒಬ್ಬಳೇ ಬಂದವಳ ಹತ್ತಿರ ಹೇಳಲು ಇನ್ನೇನಿರುತ್ತದೆ?

“ಸೋತೆ ಅಮ್ಮಾ,” ಎಂದಳು.

“ಅಯ್ಯೋ! ಬೇಜಾರಾಯ್ತಾ?”

ಚಾಂಪಿ ಕಿಟಕಿಯ ಆಚೆ ನೋಡಿದಳು. ಮೂಗಿನ ಮೇಲೆ ಒಣಗಿದ ಕೆಸರು ಚುರುಗುಡುತ್ತಿತ್ತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

“ಅಪ್ಪಾ, ಕಾರ್ ಸ್ವಲ್ಪ ಸೈಡಿಗೆ ಹಾಕು. ನೀನೂ ಕೇಳ್ಬೇಕು,” ಎಂದಳು. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಮ್ಮಾ, ನೀನು ಫೋನ್ ಇಡಬೇಡ. ತುಂಬಾ ಇದೆ ಹೇಳೋಕೆ. ಮೊದಲು ನಾನೊಂದು ಕೆಟ್ಟ ಕೆಲಸ ಮಾಡ್ದೆ. ಅಲ್ಲಿಂದಾನೇ ಶುರು ಮಾಡ್ತೀನಿ.”