ಈ ಕೆಂಪು ಯಾವುದರಿಂದ?

"ನಿಲ್ಸಮ್ಮಾ!"

ಹಾಗೆಂದವಳೇ ಮೆಣಸು ತನ್ನ ಅಂಗೈಯನ್ನು ಬಣ್ಣದ ತಟ್ಟೆಯ ಮೇಲೆ ಪಟ್ಟನೆ ಇಟ್ಟುಬಿಟ್ಟಳು. ಅಮ್ಮನ ಕೈಯಲ್ಲಿದ್ದ ತುಟಿಯ ಬ್ರಶ್ ಗಾಳಿಯಲ್ಲೇ ನಿಂತಿತು. ಕನ್ನಡಿಯ ಮುಂದೆ, ಎತ್ತರದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಸೈನ್ಸ್ ಮಿಸ್ ಒಂದೇ ಒಂದು ಕಣ್ಣು ತೆರೆದು ನೋಡಿದರು.

"ಏನೇ ಇದು? ಕೈ ತೆಗಿ," ಎಂದಳು ಅಮ್ಮ, ಮುಖದ ಮೇಲಿನ ನಗು ಮಾಸದಂತೆ, ಹಲ್ಲಿನ ಸಂದಿಯಿಂದ. ಗಿರಾಕಿಗಳ ಎದುರು ಬೈಯಬೇಕಾಗಿ ಬಂದರೆ ಅಮ್ಮ ಹೀಗೇ ಬೈಯುತ್ತಿದ್ದಳು.

"ತೆಗಿಯಲ್ಲ. ಈ ಕೆಂಪಲ್ಲಿ ಹುಳ ಇದೆ."

"ಹುಳಾನಾ?" ಮಿಸ್ ಎರಡನೇ ಕಣ್ಣನ್ನೂ ತೆರೆದರು.

ಅವಳಿಗೆ ಮೆಣಸು ಅಂತ ಹೆಸರಿಟ್ಟವಳು ಅಜ್ಜಿ. ನೋಡಲು ಇಷ್ಟೇ ಇಷ್ಟು, ಬಾಯಿಗೆ ಸಿಕ್ಕಿದರೆ ಕಣ್ಣಲ್ಲಿ ನೀರು, ಅದಕ್ಕೇ ಆ ಹೆಸರು. ಶಾಲೆಯ ಹಾಜರಿಯಲ್ಲಿದ್ದ ಉದ್ದನೆಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಮ್ಮನ ಕೆಲಸದ ಜಾಗ. ಮದುವೆಯ ಹೆಣ್ಣುಗಳಿಗೆ ಮೇಕಪ್ ಮಾಡುವುದರಲ್ಲಿ ಅಮ್ಮನದು ಪಳಗಿದ ಕೈ. ಸೈನ್ಸ್ ಮಿಸ್‌ಗೆ ಮದುವೆ ಗೊತ್ತಾಗಿದೆ ಅಂತ ತಿಳಿದ ದಿನವೇ ಮೆಣಸು ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ, "ಮಿಸ್, ನಮ್ಮಮ್ಮನ ಹತ್ರಾನೇ ಮೇಕಪ್ ಮಾಡಿಸ್ಕೊಳ್ಳಿ," ಎಂದು ದುಂಬಾಲು ಬಿದ್ದಿದ್ದಳು.

ಮಿಸ್ ಒಪ್ಪಿದ್ದರು. ಆದರೆ ಒಂದು ಮಾತು ಮೊದಲೇ ಹೇಳಿದ್ದರು. "ನೋಡಿ, ನನ್ನ ಮುಖಕ್ಕೆ ಹಚ್ಚೋದನ್ನ ಮೊದಲು ಯಾವ ಪ್ರಾಣಿ ಮೇಲೂ ಹಚ್ಚಿ ಪರೀಕ್ಷೆ ಮಾಡಿರಬಾರದು. ಪ್ರಾಣಿಯಿಂದ ತೆಗೆದಿದ್ದು ಅದರೊಳಗೆ ಏನೂ ಇರಬಾರದು. ಕ್ರೂಯಲ್ಟಿ-ಫ್ರೀ ಆಗಿರಬೇಕು, ವೀಗನ್ನೂ ಆಗಿರಬೇಕು."

"ಚಿಂತೆ ಬಿಡಿ ಮಿಸ್," ಎಂದಿದ್ದಳು ಅಮ್ಮ. "ನನ್ನ ಹತ್ರ ಇರೋದೆಲ್ಲ ಹೈ-ಎಂಡ್. ಚೀಪ್ ಐಟಮ್ ನಾನು ಮುಟ್ಟೋದೇ ಇಲ್ಲ."

ಇವತ್ತು ಮದುವೆಗೆ ಮುಂಚಿನ ಟ್ರಯಲ್. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಮ್ಮ ತನ್ನ ದಪ್ಪ ಬ್ರಶ್ಶಿನಿಂದ ಕೆನ್ನೆಗೆ ಪೌಡರ್ ಸವರಿದಾಗ ಮಿಸ್, "ಅಬ್ಬಾ, ಎಷ್ಟು ಮೆತ್ತಗಿದೆ! ಮೋಡ ಮುಟ್ಟಿದ ಹಾಗೆ," ಎಂದಿದ್ದರು. ಆ ಬ್ರಶ್ ಅಂದರೆ ಅಮ್ಮನಿಗೆ ಪ್ರಾಣ. ಕೆಲಸ ಕಲಿಸಿದ ಗುರು ಕೊಟ್ಟಿದ್ದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆಮೇಲೆ ತುಟಿಯ ಸರದಿ ಬಂತು. ಮೆಣಸಿಗೆ ಇನ್ನು ತಡೆಯಲಾಗಲಿಲ್ಲ.

"ಯಾವ ಹುಳ? ಸರಿಯಾಗಿ ಹೇಳು," ಎಂದರು ಮಿಸ್.

"ನೀವೇ ಪಾಠ ಮಾಡಿದ್ರಲ್ಲ ಮಿಸ್, ಕಳ್ಳಿ ಗಿಡದ ಮೇಲೆ ಇರುತ್ತೆ ಅಂತ. ಒಣಗಿಸಿ, ಪುಡಿ ಮಾಡಿ, ಕೆಂಪು ಬಣ್ಣ ತೆಗೀತಾರೆ ಅಂತ. ಕಾರ್ಮೈನ್! ಈ ಲಿಪ್‌ಸ್ಟಿಕ್ ಡಬ್ಬಿ ಮೇಲೆ ಅದೇ ಇತ್ತು."

"ಡಬ್ಬಿ ಇದೆಯಾ?" ಮಿಸ್ ಅಮ್ಮನ ಕಡೆ ತಿರುಗಿದರು.

ಡಬ್ಬಿ ಎಲ್ಲಿಂದ ಬರಬೇಕು? ಬ್ಯಾಗಿನ ತುಂಬ ಲಿಪ್‌ಸ್ಟಿಕ್ ಕಡ್ಡಿಗಳನ್ನು ಹೊತ್ತು ತಿರುಗುವುದು ಕಷ್ಟ ಅಂತ, ಈ ಕೆಲಸದ ಎಷ್ಟೋ ಜನರ ಹಾಗೆ ಅಮ್ಮನೂ ಅವನ್ನು ಕತ್ತರಿಸಿ, ಚಮಚದಲ್ಲಿಟ್ಟು, ಮೇಣದ ಬತ್ತಿಯ ಉರಿಯಲ್ಲಿ ಕರಗಿಸಿ, ತಟ್ಟೆಯ ಪುಟ್ಟ ಪುಟ್ಟ ಗುಳಿಗಳಿಗೆ ಹೊಯ್ದುಬಿಡುತ್ತಿದ್ದಳು. ಖಾಲಿ ಡಬ್ಬಿ ಕಸದ ಬುಟ್ಟಿಗೆ. ಕಳೆದ ರಜೆಯಲ್ಲಿ ಅಮ್ಮ ಕರಗಿಸುತ್ತಿದ್ದಾಗ ಮೆಣಸು ಪಕ್ಕದಲ್ಲಿ ಕೂತು, ಡಬ್ಬಿಗಳ ಬೆನ್ನಿನ ಮೇಲಿದ್ದುದನ್ನು ಟೀವಿಯ ವಾರ್ತೆಯಂತೆ ಓದಿದ್ದಳು. ಕಾರ್ಮೈನ್ ಅನ್ನುವುದು ಯಾವುದೋ ರಾಜಕುಮಾರಿಯ ಹೆಸರಿನ ಹಾಗಿದೆ ಅಂತ ಆಗ ಅನ್ನಿಸಿತ್ತು.

"ಡಬ್ಬಿ ಇಲ್ಲ ಮಿಸ್," ಎಂದಳು ಅಮ್ಮ. ನಗು ಮಾಸಿತ್ತು.

ಮಿಸ್ ಕುರ್ಚಿಯಿಂದ ಇಳಿದರು. "ತುಟಿಗೆ ಇವತ್ತು ಬೇಡ ಬಿಡಿ. ಮುಂದಿನ ಭಾನುವಾರ ಬರ್ತೀನಿ. ಅಷ್ಟರೊಳಗೆ ವಿಚಾರಿಸಿ. ನನಗೆ ಖಾತ್ರಿ ಆಗ್ಬೇಕು ಅಷ್ಟೆ. ಆಗ್ಲಿಲ್ಲ ಅಂದ್ರೆ..." ಹೊಳೆಯುವ ಕೆನ್ನೆ, ಬಿಳಿಚಿದ ತುಟಿ ಹೊತ್ತು ಹೊರಟುಹೋದರು.

ಬಾಗಿಲು ಮುಚ್ಚಿದ್ದೇ ತಡ.

"ನನ್ನ ಮರ್ಯಾದೆ ತೆಗೆದುಬಿಟ್ಯಲ್ಲೇ!"

"ನಾನೇನು ಸುಳ್ಳು ಹೇಳಿದ್ನಾ? ಬೆಳಿಗ್ಗೆ ನಿಂಗೇ ಹೇಳ್ಲಿಲ್ವಾ? ಸುಮ್ನಿರು ಅಂದೆ."

"ಅಷ್ಟು ದುಬಾರಿ ಲಿಪ್‌ಸ್ಟಿಕ್‌ನಲ್ಲಿ ಹುಳ ಯಾಕೆ ಹಾಕ್ತಾರೇ? ಡಬ್ಬಿ ಮೇಲೆ ಮೊಲದ ಚಿತ್ರ ಇರ್ಲಿಲ್ವಾ? ನಾಳೆ ಊರೆಲ್ಲ ನನ್ನನ್ನ ಹುಳದ ಪಾರ್ಲರ್‌ನವಳು ಅನ್ನುತ್ತೆ. ಕೇಳು ಸಾರಿ."

"ಕೇಳಲ್ಲ."

"ಕೇಳ್ತೀಯೋ ಇಲ್ವೋ?"

"ಇಲ್ಲ, ಇಲ್ಲ, ಇಲ್ಲ!"

ಒಳಕೋಣೆಯ ಮೂಲೆಯಲ್ಲಿ ಅಜ್ಜಿ ದಿನದ ಪದ್ಯಗಳನ್ನು ಹೇಳಿಕೊಳ್ಳುತ್ತಿದ್ದಳು. ಅವಳ ಕಣ್ಣು ಮುಚ್ಚಿದ್ದರೂ ಕಿವಿ ತೆರೆದೇ ಇರುತ್ತಿತ್ತು. ಪದ್ಯ ನಿಂತಿತು.

"ಅಲ್ಲ ಕಣೇ," ಎಂದಳು ಅಜ್ಜಿ ಅಮ್ಮನಿಗೆ, "ಅವಳು ಹೇಳಿದ್ದು ಸುಳ್ಳು ಅಂತ ಸಾರಿ ಕೇಳ್ಬೇಕೋ, ಮಿಸ್ ಮುಂದೆ ಹೇಳಿದ್ಲು ಅಂತ ಕೇಳ್ಬೇಕೋ?"

"ಎರಡಕ್ಕೂ!"

"ಸುಳ್ಳೋ ನಿಜವೋ ಅದು ಮೊದಲು ಗೊತ್ತಾಗ್ಲಿ," ಎಂದು ಅಜ್ಜಿ ಬಿಟ್ಟ ಸಾಲಿನಿಂದಲೇ ಪದ್ಯ ಮುಂದುವರಿಸಿದಳು.

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಆಯ್ತು. ನಾಳೆ ಸ್ಕೂಲು ಬಿಟ್ಟ ಮೇಲೆ ಅಂಗಡಿಗೆ ಹೋಗೋಣ. ಅದೇ ಲಿಪ್‌ಸ್ಟಿಕ್ ತೆಗೆಸ್ತೀನಿ, ನೀನೇ ಓದು. ಹುಳ ಇಲ್ಲ ಅಂತಾದ್ರೆ ಇಡೀ ಕ್ಲಾಸಿನ ಮುಂದೆ ನೀನು ಮಿಸ್ ಹತ್ರ 'ನನ್ನದು ತಪ್ಪು' ಅಂತ ಹೇಳ್ಬೇಕು."

ಮೆಣಸು ಗಲ್ಲ ಮೇಲೆತ್ತಿ ಕೇಳಿದಳು. "ಹುಳ ಇದ್ರೆ?"

ಅಮ್ಮ ಬಣ್ಣದ ತಟ್ಟೆಯನ್ನು ಮುಚ್ಚಿ ಎತ್ತಿಟ್ಟಳು.

ಅಂಗಡಿಯಲ್ಲಿ ನೆಲವೂ ಹೊಳೆಯುತ್ತಿತ್ತು, ಮಾಡೂ ಹೊಳೆಯುತ್ತಿತ್ತು. ಕಾಲಿಟ್ಟ ಕಡೆಯೆಲ್ಲ ಒಂದೊಂದು ಸೆಂಟಿನ ವಾಸನೆ. ಮೆಣಸು ಒಂದು ಮುಷ್ಟಿಯನ್ನು ಬಿಗಿಹಿಡಿದು ನಡೆದಳು. ನಿನ್ನೆ ಅಂಗೈಗೆ ಅಂಟಿದ ಕೆಂಪು ಎಷ್ಟು ಸೋಪು ತಿಕ್ಕಿದರೂ ಹೋಗಿರಲಿಲ್ಲ. ಹೈ-ಎಂಡ್ ಅಲ್ಲವೇ! ಇನ್ನೊಂದು ಕೈಯಲ್ಲಿ ಅಜ್ಜಿ ಪದ್ಯದ ಪುಸ್ತಕ ಓದಲು ಬಳಸುವ ಭೂತಗನ್ನಡಿ ಇತ್ತು. ಹೊರಡುವಾಗ ಅಜ್ಜಿ ಏನೂ ಹೇಳದೆ ಅದನ್ನು ಅವಳ ಸ್ಕೂಲ್ ಬ್ಯಾಗಿಗೆ ಹಾಕಿದ್ದಳು.

ಕೌಂಟರಿನ ಹಿಂದಿದ್ದ ಅಕ್ಕನ ಹುಬ್ಬು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರವಾಗಿತ್ತು. ಅಮ್ಮ ಹೆಸರು ಹೇಳಿದ ಕೂಡಲೇ ಕಪ್ಪು ಡಬ್ಬಿಯೊಂದನ್ನು ಗಾಜಿನ ಮೇಲಿಟ್ಟಳು. "ಒಳ್ಳೆ ಸೆಲೆಕ್ಷನ್ ಮೇಡಂ. ಇದಕ್ಕಿಂತ ಮೇಲೆ ಇನ್ನಿಲ್ಲ."

ಡಬ್ಬಿಯ ಮೂಲೆಯಲ್ಲಿ ಜಿಗಿಯುವ ಪುಟ್ಟ ಮೊಲವಿತ್ತು.

"ನೋಡು," ಎಂದಳು ಅಮ್ಮ. "ಓದು ಈಗ."

ಮೆಣಸು ಭೂತಗನ್ನಡಿ ಹಿಡಿದು ಡಬ್ಬಿಯ ಬೆನ್ನು ಓದಿದಳು. ಅಕ್ಷರಗಳು ಇರುವೆಗಿಂತ ಚಿಕ್ಕವು. ಮೇಲಿನಿಂದ ಕೆಳಗೆ ಒಂದು ಸಲ ಓದಿದಳು. ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿದಳು.

ಕಾರ್ಮೈನ್ ಇರಲಿಲ್ಲ.

"ಏನಂತೆ?" ಅಮ್ಮ ಕೇಳಿದಳು.

ಇಡೀ ಕ್ಲಾಸು ಕಣ್ಣ ಮುಂದೆ ಬಂತು. ಕೊನೆಯ ಬೆಂಚಿನವರು ಕಿಸಕ್ಕನೆ ನಗುವುದೂ ಕೇಳಿಸಿತು. ಮೆಣಸು ಮತ್ತೆ ಬಗ್ಗಿದಳು. ಹೆಸರುಗಳೆಲ್ಲ ಮುಗಿದ ಮೇಲೆ, ತೀರಾ ಕೊನೆಗೆ, ಇಂಗ್ಲಿಷಿನ ಎರಡಕ್ಷರ, ಅದರ ಪಕ್ಕ ಒಂದು ಉದ್ದನೆಯ ನಂಬರ್.

"ಅಕ್ಕಾ, ಇದೇನು ನಂಬರ್?"

"ಅದು ಕಲರ್ ನಂಬರ್ ಪುಟ್ಟಾ. ಹೊಸ ಡಬ್ಬಿಗಳಲ್ಲಿ ಬಣ್ಣದ ಹೆಸರಿನ ಬದಲು ಬರೀ ನಂಬರ್ ಹಾಕ್ತಾರೆ."

"ಯಾವುದರಿಂದ ಮಾಡಿದ ಕಲರ್?"

"ಕೆಂಪು ಕಲರ್."

"ಅದು ಕಾಣ್ತಿದೆ ಅಕ್ಕಾ. ಈ ಕೆಂಪು ಯಾವುದರಿಂದ?"

ಅಕ್ಕ ಅಮ್ಮನನ್ನು ನೋಡಿ ನಕ್ಕಳು. "ಮಗಳು ಪೊಲೀಸ್ ಆಗ್ತಾಳೆ ಮೇಡಂ. ಅದೆಲ್ಲ ಯಾರೂ ಕೇಳಲ್ಲ. ಮೊಲ ಇದೆಯಲ್ಲ ಪುಟ್ಟಾ, ಸಾಕು ಬಿಡು."

"ಮೊಲ ಇದ್ರೆ ಪ್ರಾಣಿಗಳ ಮೇಲೆ ಹಚ್ಚಿ ನೋಡಿಲ್ಲ ಅಂತ. ಒಳಗೆ ಏನಿದೆ ಅಂತ ಮೊಲ ಹೇಳಲ್ಲ."

"ಅಯ್ಯೋ, ಇಷ್ಟುದ್ದ ಇದ್ದಾಳೆ, ಎಷ್ಟು ವಾದ ನೋಡಿ!" ಅಕ್ಕ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಪ್ಯಾಕ್ ಮಾಡ್ಲಾ ಮೇಡಂ?"

ಮೆಣಸು ಡಬ್ಬಿಯ ಇನ್ನೊಂದು ತುದಿ ಬಿಡಲಿಲ್ಲ.

ಅಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಬೆರಳ ಸಂದಿಯಲ್ಲಿ ನಿನ್ನೆಯ ಕೆಂಪು ಇನ್ನೂ ಇತ್ತು.

"ಅವಳು ಕೇಳಿದ್ದಕ್ಕೆ ಉತ್ತರ ಹೇಳಿ," ಎಂದಳು ಅಮ್ಮ.

"ಮೇಡಂ?"

"ಯಾರೂ ಕೇಳಲ್ಲ ಅಂದ್ರಲ್ಲ, ನಾವು ಕೇಳ್ತಿದ್ದೀವಿ. ಈ ಕೆಂಪು ಯಾವುದರಿಂದ?"

ಆ ದನಿಯಲ್ಲಿ ಗಿರಾಕಿಗಳ ಎದುರಿನ ನಗು ಇರಲಿಲ್ಲ. ಅಕ್ಕ ಕಂಪ್ಯೂಟರಿನ ಕಡೆ ತಿರುಗಿ ನಂಬರನ್ನು ಒತ್ತಿದಳು. ಓದಿದಳು. ನೇರವಾದ ಹುಬ್ಬು ಮೊದಲ ಸಲ ಡೊಂಕಾಯಿತು.

"ಕಾರ್ಮೈನ್ ಅಂತ ಬರ್ತಿದೆ. ಹುಳದ್ದು." ಆಮೇಲೆ ತಗ್ಗಿದ ದನಿಯಲ್ಲಿ, "ನಂಗೂ ಗೊತ್ತಿರ್ಲಿಲ್ಲ ಮೇಡಂ. ದಿನಾ ಇದನ್ನೇ ಹಚ್ಕೋತೀನಿ," ಎಂದು ತುಟಿ ಮುಟ್ಟಿಕೊಂಡಳು.

ಗೆದ್ದೆ ಅಂತ ಮೆಣಸು ಕುಣಿಯಬಹುದಿತ್ತು. ಆದರೆ ಅಮ್ಮನ ಮುಖ ನೋಡಿ ಕುಣಿಯಬೇಕು ಅನ್ನಿಸಲಿಲ್ಲ. ಎಷ್ಟೋ ಮದುವಣಗಿತ್ತಿಯರ ತುಟಿಗೆ ಅಮ್ಮ ಆ ಕೆಂಪನ್ನೇ ಹಚ್ಚಿದ್ದಳು.

"ಮೊಲವೂ ಇರಬೇಕು, ವೀಗನ್ ಅಂತ ಬರೆದೂ ಇರಬೇಕು. ಅಂಥದ್ದು ತೆಗೀರಿ," ಎಂದಳು ಅಮ್ಮ ಕೊನೆಗೆ. "ಆದ್ರೆ ಮಂಕು ಬಣ್ಣ ಕೊಟ್ರೆ ಮುಟ್ಟಲ್ಲ. ಹುಳ ಇಲ್ಲ ಅಂತ ಮದುವೆ ಹೆಣ್ಣು ಜ್ವರ ಬಂದವಳ ಹಾಗೆ ಕಾಣಬಾರ್ದು."

ಶುರುವಾಯಿತು ನೋಡಿ ಆಗ! ಅಕ್ಕ ಡಬ್ಬಿ ತೆಗೆಯುವುದು, ಮೆಣಸು ಭೂತಗನ್ನಡಿಯಲ್ಲಿ ಓದಿ "ಪಾಸ್!" "ಫೇಲ್! ಜೇನುಮೇಣ!" ಎಂದು ಕೂಗುವುದು, ಪಾಸಾದದ್ದನ್ನು ಅಮ್ಮ ಬೆರಳ ತುದಿಗೆ ಹಚ್ಚಿ ನೋಡುವುದು. ಬೆರಳ ತುದಿಯ ಬಣ್ಣವೂ ತುಟಿಯ ಬಣ್ಣವೂ ಹತ್ತಿರ ಹತ್ತಿರ, ಹಾಗಾಗಿ ಅಲ್ಲಿ ಹಚ್ಚಿದರೇ ನಿಜ ಗೊತ್ತಾಗುವುದು ಅಂತ ಅಮ್ಮನ ಲೆಕ್ಕ. ಒಂದು ಕೆಂಪು ಇಟ್ಟಿಗೆಯ ಹಾಗಿತ್ತು. ಒಂದು ಹಚ್ಚಿದ ಕೂಡಲೇ ಒಡೆಯಿತು. ಅಮ್ಮನ ಬೆರಳುಗಳು ಮುಗಿದವು, ಮೆಣಸಿನ ಬೆರಳುಗಳೂ ಮುಗಿದವು, ಅಕ್ಕ ತನ್ನ ಕೈಯನ್ನೇ ಚಾಚಿದಳು.

ಅಕ್ಕನ ಕಿರುಬೆರಳಿನ ಮೇಲೆ ಕೊನೆಗೂ ಆ ಕೆಂಪು ಕೂತಿತು. ಅಮ್ಮ ಬೆರಳನ್ನು ದೀಪದ ಕೆಳಗೆ ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಕಣ್ಣು ಸಣ್ಣ ಮಾಡಿದಳು. ಆಮೇಲೆ ನಿಧಾನವಾಗಿ ತಲೆದೂಗಿದಳು.

"ಬ್ರಶ್ ಬೇಕಾ ಮೇಡಂ? ಸಿಂಥೆಟಿಕ್, ಹೊಸದು ಬಂದಿದೆ," ಎಂದಳು ಅಕ್ಕ ಪ್ಯಾಕ್ ಮಾಡುತ್ತ.

"ಬೇಡ. ನನ್ನ ಹತ್ರ ಇದೆ," ಎಂದು ಅಮ್ಮ ಪಟ್ಟನೆ ಹೇಳಿ, ಮೆಣಸಿನ ಕೈ ಹಿಡಿದು ಹೊರಟಳು. ಬಾಗಿಲ ತನಕ ಬಂದವಳು ಅಲ್ಲೇ ನಿಂತಳು. "ಇಲ್ಲೇ ಇರು," ಎಂದು ಒಬ್ಬಳೇ ಮತ್ತೆ ಒಳಗೆ ಹೋದಳು. ಯಾಕೆ ಅಂತ ಮೆಣಸಿಗೆ ಗೊತ್ತಾಗಲಿಲ್ಲ.

ಭಾನುವಾರ ಮಿಸ್ ಬಂದರು. ಕನ್ನಡಿಯ ಮುಂದೆ ಹೊಸ ತಟ್ಟೆಯಿತ್ತು. ಕರಗಿಸಿ ಹೊಯ್ಯುವುದನ್ನು ಅಮ್ಮ ಬಿಟ್ಟಿರಲಿಲ್ಲ. ಆದರೆ ಪ್ರತಿ ಗುಳಿಯ ಕೆಳಗೂ ಅದರದರ ಡಬ್ಬಿಯ ಬೆನ್ನನ್ನು ಕತ್ತರಿಸಿ ಅಂಟಿಸಿದ್ದಳು. ಮಿಸ್ ತಟ್ಟೆ ಎತ್ತಿ, ಅಡಿಯನ್ನು ತಿರುಗಿಸಿ ಓದಿ, ಮೆಣಸಿನ ಕಡೆ ನೋಡಿ ಹುಬ್ಬು ಹಾರಿಸಿದರು.

"ಖಾತ್ರಿ ಆಯ್ತು," ಎಂದು ಕುರ್ಚಿ ಹತ್ತಿ ಕಣ್ಣು ಮುಚ್ಚಿದರು. "ಶುರು ಮಾಡಿ."

"ಒಂದು ನಿಮಿಷ ಮಿಸ್."

ಅಮ್ಮ ಡ್ರಾಯರ್ ಎಳೆದಳು. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಆ ದಪ್ಪ ಬ್ರಶ್ ಹೊರತೆಗೆದಳು. ತೊಳೆದು, ಒಣಗಿಸಿ, ಬಾಚಿದ್ದಳು.

"ಇದು ಅಳಿಲಿನ ಕೂದಲು. ಹೋದ ವಾರ ನಿಮ್ಮ ಕೆನ್ನೆಗೆ ಇದರಲ್ಲೇ ಹಚ್ಚಿದ್ದೆ. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ."

ಒಳಗೆ ಅಜ್ಜಿಯ ಪದ್ಯ ನಿಂತಿತು.

ಮೆಣಸು ಅಮ್ಮನನ್ನೇ ನೋಡಿದಳು. ಬ್ರಶ್ಶಿನ ಬಗ್ಗೆ ತನಗೆ ಗೊತ್ತೇ ಇರಲಿಲ್ಲ. ಮಿಸ್ ಕೇಳಿರಲಿಲ್ಲ. ಅದರ ಮೇಲೆ ಡಬ್ಬಿಯೂ ಇಲ್ಲ, ನಂಬರೂ ಇಲ್ಲ. ಅಮ್ಮ ಸುಮ್ಮನಿದ್ದಿದ್ದರೆ ಈ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಿಸ್ ಕಣ್ಣು ತೆರೆದರು. ಬ್ರಶ್ ಕಡೆಗಲ್ಲ, ಅಮ್ಮನ ಕಡೆಗೆ ನೋಡಿದರು. "ಇವತ್ತು?"

"ಇವತ್ತು ಇದು," ಎಂದು ಅಮ್ಮ ಹೊಸ ಬ್ರಶ್ ಎತ್ತಿಕೊಂಡಳು. "ಸಿಂಥೆಟಿಕ್. ಮೋಡದ ಹಾಗಿರಲ್ಲ ಮಿಸ್. ನಂಗೂ ಇನ್ನೂ ಕೈಗೆ ಕೂತಿಲ್ಲ."

"ಕೂರಲಿ. ಕಾಯ್ತೀನಿ," ಎಂದರು ಮಿಸ್.

ಅಮ್ಮ ಹಳೆಯ ಬ್ರಶ್ಶನ್ನು ಮತ್ತೆ ಸುತ್ತಿದಳು. ಸುತ್ತುವ ಮೊದಲು ಅದರ ಹಿಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದಳು. ಡ್ರಾಯರ್ ಮುಚ್ಚಿತು.

ಹೊಸ ಬ್ರಶ್ ಒರಟಾಗಿತ್ತು. ಪೌಡರ್ ಒಂದು ಕಡೆ ಹೆಚ್ಚಾಯಿತು, ಅಮ್ಮ ಒರೆಸಿದಳು, ಮತ್ತೆ ಹಚ್ಚಿದಳು. ಯಾವತ್ತೂ ತಡವರಿಸದ ಅಮ್ಮನ ಕೈ ಇವತ್ತು ಹೊಸದಾಗಿ ಬರೆಯಲು ಕಲಿಯುವ ಮಗುವಿನ ಕೈಯಂತೆ ತಡವರಿಸುತ್ತಿತ್ತು.

ಮೆಣಸು ತನ್ನ ಅಂಗೈ ನೋಡಿಕೊಂಡಳು. ಕೆಂಪು ಹೋಗಿತ್ತು.

ಅವಳು ಎದ್ದು ಹೋಗಿ, ಯಾರೂ ಹೇಳದೆಯೇ, ಕನ್ನಡಿಯ ಮೇಲಿನ ದೀಪವನ್ನು ಅಮ್ಮನ ಕೈಯ ಕಡೆಗೆ ಚೂರು ತಿರುಗಿಸಿ, ಅಲ್ಲೇ ಹಿಡಿದುಕೊಂಡು ನಿಂತಳು.