ಹುಣಸೆಬೀಜದ ಸರ

ಬಹಳ ಬಹಳ ಹಿಂದೆ, ಈಗಿನ ಬೆಟ್ಟಗಳೆಲ್ಲ ಇನ್ನೂ ಗುಡ್ಡಗಳಾಗಿದ್ದ ಕಾಲದಲ್ಲಿ, ಹವಳಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೊಬ್ಬ ರಾಜನೂ ಇದ್ದ. ಅವನು ಈ ಕತೆಗೆ ಅಷ್ಟೇನೂ ಬೇಕಾಗಿಲ್ಲ. ಬೇಕಾದವಳು ಹೊನ್ನಿ.

ಹೆಸರು ಹೊನ್ನಿ ಎಂದಿದ್ದರೂ ಅವಳ ಮನೆಯಲ್ಲಿ ಗುಲಗಂಜಿ ತೂಕದ ಹೊನ್ನೂ ಇರಲಿಲ್ಲ. ಇದ್ದದ್ದು ಒಬ್ಬ ಅಜ್ಜಿ, ಕೆಂಚಿ ಎಂಬ ತಂಗಿ, ಒಂದು ಬಿದಿರಿನ ಬುಟ್ಟಿ. ಬುಟ್ಟಿಯ ತುಂಬ ದರ್ಜಿ ಎಸೆದ ಬಟ್ಟೆಚೂರು, ತೊಳೆದು ಒಣಗಿಸಿದ ಸೌತೆಬೀಜ, ತೆಂಗಿನ ಚಿಪ್ಪು, ಹಳೇ ಸೀರೆಯ ಜರಿ, ಹೆಚ್ಚಿದ ಗಾಜಿನ ಬಳೆಯ ಚೂರು. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಊರಿಗೆ ಕಸವಾದದ್ದು ಹೊನ್ನಿಯ ಕೈಗೆ ಬಂದರೆ ಓಲೆಯಾಗುತ್ತಿತ್ತು, ಸರವಾಗುತ್ತಿತ್ತು, ಜಡೆಯ ಕುಚ್ಚಾಗುತ್ತಿತ್ತು. ಬೇಕಾದವರು ಒಂದು ಸೇರು ರಾಗಿಯನ್ನೋ ನಾಲ್ಕು ಬದನೆಕಾಯಿಯನ್ನೋ ಕೊಟ್ಟು ತೊಟ್ಟುಕೊಂಡು ಹೋಗುತ್ತಿದ್ದರು.

ಆ ಮನೆಯಲ್ಲೊಂದು ಪದ್ಧತಿ. ಏನೇ ಮಾಡಲಿ, ಅದರಲ್ಲಿ ಎಲ್ಲಾದರೊಂದು ಕಡೆ, ಹೊಂದದ ಜಾಗದಲ್ಲಿ, ಒಂದು ಹುಣಸೆಬೀಜ ಸೇರಿಸಬೇಕು.

"ಪೂರ್ತಾ ಚೆಂದ ಇದ್ರೆ ಕಣ್ಣು ಬೀಳ್ತದೆ ಮಗಳೇ," ಎನ್ನುತ್ತಿದ್ದಳು ಅಜ್ಜಿ. "ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡ್ತೀವಲ್ಲ, ಹಾಗೆ."

"ಎಲ್ಲಿ ಇಡಬೇಕು ಅಂತ ಲೆಕ್ಕ ಇದೆಯಾ ಅಜ್ಜಿ?"

"ಲೆಕ್ಕ ಹಾಕಿ ಇಟ್ರೆ ಅದು ದೃಷ್ಟಿಬೊಟ್ಟಲ್ಲ, ಅಲಂಕಾರ."

ಕೆಂಚಿಗೆ ಈ ಬೀಜ ಕಂಡರೆ ನಗೆ. "ಅಕ್ಕಾ, ಇದನ್ನ ಕೊರಳಿಗೆ ಹಾಕ್ಕೋಬೇಕಾ, ಇಲ್ಲಾ ಬೇಳೆ ಜೊತೆ ಕುದಿಸಬೇಕಾ?" ಎನ್ನುವಳು. ಅವಳು ನಕ್ಕರೆ ಮೂರನೇ ಮನೆಯ ಕೋಳಿ ಬೆಚ್ಚಿ ಹೊತ್ತಲ್ಲದ ಹೊತ್ತಲ್ಲಿ ಮೊಟ್ಟೆಯಿಡುತ್ತಿತ್ತು.

ಹೀಗಿರುವಾಗ ಥಳಕರಾಯ ಎಂಬ ಮಾಂತ್ರಿಕ ರಾಜ್ಯಕ್ಕೆ ಬಂದ. ಏಳು ಗಾಡಿಯ ತುಂಬ ಬಂಗಾರದ ಒಡವೆ. "ಬಿಟ್ಟಿ! ತೊಟ್ಟವರಿಗೆ ತೊಟ್ಟಷ್ಟು!" ಎಂದು ಸಾರಿದ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ ನಾವು. ಅರಮನೆಯ ರಾಣಿಯೇ ಮೊದಲು ಕೈಚಾಚಿದಳು. ಕೆಂಚಿಯೂ ಓಡಿದಳು.

"ಬೇಡ ಕಣೇ," ಎಂದಳು ಹೊನ್ನಿ.

"ಹುಣಸೆಬೀಜ ಇಲ್ಲದ್ದು ಜನ್ಮದಲ್ಲಿ ಒಂದಾದ್ರೂ ಹಾಕ್ಕೋತೀನಿ, ಬಿಡಕ್ಕಾ!"

ಸರದ ಕೊಂಡಿ ಕಟ್ ಎಂದು ಕೂತಿತು. ಮತ್ತೆ ಬಿಚ್ಚಲಿಲ್ಲ. ಅಂದಿನಿಂದ ಕೆಂಚಿ ನಗಲಿಲ್ಲ. ದಿನದಿನಕ್ಕೂ ಸರ ಹೊಳೆಯಿತು, ಹುಡುಗಿ ಮಂಕಾದಳು. ಊರಿನ ಹೆಂಗಸರೆಲ್ಲ ಹಾಗೇ ಆದರು.

ಅಜ್ಜಿ ಸರವನ್ನು ಮೂಸಿ ನೋಡಿ ಹೇಳಿದಳು: "ಇದು ತೊಟ್ಟವರ ನಗೆ ಕುಡಿದು ಹೊಳೆಯೋ ಒಡವೆ. ನಗೆ ಮುಗೀತು ಅಂದ್ರೆ ಜೀವ ಮರ ಆಗ್ತದೆ. ಮೂರನೇ ಹುಣ್ಣಿಮೆಯ ಚಂದ್ರ ಮೂಡಿದಾಗ ಇವಳು ಗೊಂಬೆ."

ಮೂರನೇ ಹುಣ್ಣಿಮೆಯ ಬೆಳಗ್ಗೆ ಕೆಂಚಿ ಹಾಸಿಗೆಯಿಂದೆದ್ದು, ಯಾರೋ ಕರೆದವರಂತೆ, ಥಳಕರಾಯನ ಕನ್ನಡಿಕೋಟೆಯ ಕಡೆ ನಡೆದಳು. ಒಡವೆ ತೊಟ್ಟವರೆಲ್ಲ ಸಾಲಾಗಿ ಹೋದರು. ಹೊನ್ನಿ ಕೈಹಿಡಿದು ಎಳೆದಳು, ನಿಲ್ಲಲಿಲ್ಲ. ಆಗ ಬುಟ್ಟಿಯನ್ನು ಸೊಂಟಕ್ಕೇರಿಸಿ ತಾನೂ ಹಿಂದೆಯೇ ಹೊರಟಳು.

ಕೋಟೆಯ ಮೊದಲ ಬಾಗಿಲು ಒಡವೆ ತೊಟ್ಟವರಿಗೆ ತಾನಾಗಿ ತೆರೆಯಿತು, ಹೊನ್ನಿಗೆ ಮುಚ್ಚಿತು. ಅಲ್ಲೊಂದು ಮಾತಾಡುವ ಆನೆ.

"ಯಾರದು? ತುಳೀಲೋ, ಎತ್ತಿ ಎಸೀಲೋ?"

"ಅದನ್ನ ಆಮೇಲೆ ನೋಡೋಣ. ಮೊದಲು ಆ ಕಾಲು ತೋರ್ಸು."

ಆನೆಯ ಕಾಲಿಗೆ ಬಂಗಾರದ ಸರಪಳಿ. ಉಜ್ಜಿ ಉಜ್ಜಿ ಚರ್ಮ ಕಿತ್ತು ಹೋಗಿತ್ತು. ಹೊನ್ನಿ ಬಟ್ಟೆಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು, ಮೆತ್ತನೆ ಪಟ್ಟಿ ಮಾಡಿ, ಅಂಚಿಗೊಂದು ಹುಣಸೆಬೀಜ ಸಿಕ್ಕಿಸಿ ಸರಪಳಿಯ ಕೆಳಗೆ ಸುತ್ತಿದಳು. ಆನೆ ಕಾಲೂರಿ ನೋಡಿತು. ಇನ್ನೊಮ್ಮೆ ಊರಿತು.

"ನೂರು ವರ್ಷ ಆಯ್ತು, ಈ ಕಾಲಿನ ಮೇಲೆ ಭಾರ ಬಿಟ್ಟು. ಹೋಗು ತಾಯಿ," ಎಂದು ಬಾಗಿಲು ನೂಕಿತು.

ಎರಡನೇ ಬಾಗಿಲಿಗೆ ಕಂದಕ. ಕಂದಕದಲ್ಲಿ ಏಳು ಹೆಡೆಯ ಸರ್ಪ.

"ಒಡವೆ ಮಾಡೋಳಂತೆ. ನನಗೊಂದು ಮಾಡು. ಮೆಚ್ಚಿದರೆ ದಾರಿ, ಇಲ್ಲವೋ ನೀನೇ ಊಟ," ಎಂದವು ಏಳೂ ಬಾಯಿ.

ಹೊನ್ನಿ ಮೇಲಿಂದ ಕೆಳಗೆ ನೋಡಿದಳು. ಓಲೆ ಮಾಡೋಣವೆಂದರೆ ಹಾವಿಗೆ ಕಿವಿಯಿಲ್ಲ. ಬಳೆಗೆ ಕೈಯಿಲ್ಲ. ಗೆಜ್ಜೆಗೆ ಕಾಲಿಲ್ಲ. ತಲೆ ಮಾತ್ರ ಬೇಕಾದಷ್ಟಿತ್ತು. ಸರಿ, ಎಳೆಗೂಸಿಗೆ ಹೊಲಿಯುವಂಥ ಕುಲಾವಿಗಳನ್ನೇ ಹೊಲಿಯತೊಡಗಿದಳು. ಆರು ಮುಗಿದಾಗ ಬಟ್ಟೆ ಮುಗಿಯಿತು. ಏಳನೇ ಹೆಡೆ ಅಳುಮೋರೆ ಮಾಡಿತು.

"ಯಾವಾಗ್ಲೂ ನಾನೇ ಕೊನೆ."

"ಅಳಬೇಡ್ವೋ," ಎಂದು ಹೊನ್ನಿ ತನ್ನ ಸೆರಗಿನ ತುದಿಯನ್ನೇ ಹರಿದಳು. ಕುಲಾವಿ ತೊಟ್ಟ ಏಳೂ ಹೆಡೆಗಳು ಒಂದನ್ನೊಂದು ನೋಡಿ, "ನಿಂದಕ್ಕಿಂತ ನಂದೇ ಚೆಂದ," ಎಂದು ಕಚ್ಚಾಡುತ್ತಲೇ ಸೇತುವೆಯಾಗಿ ಬಾಗಿದವು.

ಒಳಗೆ ಹೋದರೆ, ಅಯ್ಯೋ, ದಸರೆಯ ಗೊಂಬೆ ಕೂರಿಸಿದಂತೆ ಒಂಬತ್ತು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ರಾಣಿ. ಮೂರನೆಯದರಲ್ಲಿ ಕೆಂಚಿ. ಮೂಗಿನವರೆಗೆ ಮರವಾಗಿದ್ದಳು, ಕಣ್ಣು ಮಾತ್ರ ಆಡುತ್ತಿತ್ತು. ಎದುರಿಗೆ ಆಳೆತ್ತರದ ಕನ್ನಡಿ, ಪಕ್ಕದಲ್ಲಿ ಥಳಕರಾಯ.

"ಏನಮ್ಮಾ ಚಿಂದಿರಾಣಿ, ಕಸ ಆಯೋಕೆ ಬಂದೆಯಾ?"

"ತಂಗೀನ ಕರ್ಕೊಂಡು ಹೋಗೋಕೆ ಬಂದೆ."

ಮಾಂತ್ರಿಕ ಹೊಟ್ಟೆ ಕುಣಿಸಿ ನಕ್ಕ. "ಜಗತ್ತಿನ ಯಾವುದೇ ಒಡವೆಯನ್ನು ಈ ಕನ್ನಡಿಗೆ ತೋರಿಸಿದರೆ ಸಾಕು, ಅಂಥದ್ದೇ ಇನ್ನೊಂದು ಹೊರಗೆ ಬೀಳುತ್ತೆ. ಮೂರು ಸಲ ನೋಡಿಯೂ ಅದಕ್ಕೆ ಮಾಡಲಾಗದ ಒಡವೆ ನೀನು ಮಾಡು. ಮಾಡಿದರೆ ಎಲ್ಲರನ್ನೂ ಬಿಟ್ಟೆ. ಸೋತರೆ ನಾಲ್ಕನೇ ಮೆಟ್ಟಿಲಲ್ಲಿ ಒಂದು ಜಾಗ ಖಾಲಿ ಇದೆ. ಚಂದ್ರ ಮೂಡುವವರೆಗೆ ಹೊತ್ತು."

ಮಾಂತ್ರಿಕರಿಗೆ ಬೇರೆ ಯಾವ ಭಯವಿಲ್ಲದಿದ್ದರೂ ಆಡಿದ ಮಾತಿನ ಭಯ ಇರುತ್ತದೆ. ಹೊನ್ನಿಗೆ ಅಷ್ಟು ಸಾಕಿತ್ತು. ದೀಪ ಹಚ್ಚಿ ಕೂತಳು. ಬುಟ್ಟಿಯಲ್ಲಿ ಉಳಿದಿದ್ದು ಬಳೆಚೂರು: ಅಜ್ಜಿಯ ಹಸಿರು, ಕೆಂಚಿಯ ಕೆಂಪು, ತನ್ನ ನೀಲಿ. ಒಂದೊಂದನ್ನೇ ಉರಿಗೆ ಹಿಡಿದು, ಮೆತ್ತಗಾದಾಗ ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿದಳು. ಬೆರಳು ಸುಟ್ಟಿತು, ಬಾಯಿಗಿಟ್ಟುಕೊಂಡಳು, ಮತ್ತೆ ಬಗ್ಗಿಸಿದಳು. ಕೊನೆಗೆ ಅವಳ ಕೈಯಲ್ಲಿ ಎಂದೂ ಹುಟ್ಟದಷ್ಟು ಚೆಂದದ ಸರ ಹುಟ್ಟಿತು.

ಒಂದು ಹುಣಸೆಬೀಜ ಉಳಿದಿತ್ತು. ಹೊನ್ನಿಯ ಕೈ ತಡೆಯಿತು. ಇಷ್ಟು ಚೆನ್ನಾಗಿ ಬಂದಿದೆ, ಇವತ್ತೊಂದು ದಿನ ಇದು ಬೇಡವೇನೋ. ಇದನ್ನು ಸಿಕ್ಕಿಸಿ ಕೆಡಿಸಿದರೆ ತಂಗಿಯ ಜೀವದ ಗತಿ? ತಲೆಯೆತ್ತಿ ಕೆಂಚಿಯನ್ನು ನೋಡಿದಳು. ಕೆಂಚಿಯ ಕಣ್ಣು ಆ ಬೀಜದ ಮೇಲೇ ಇತ್ತು. ಕಣ್ಣಿನ ಕೊನೆಯಲ್ಲಿ ಸಾಸಿವೆಯಷ್ಟು, ನಗೆಯಂಥದ್ದೇನೋ ಮಿಸುಕಿತು.

ಹೊನ್ನಿ ಮತ್ತೆ ಯೋಚಿಸಲಿಲ್ಲ. ಕಾದ ಸೂಜಿಯಿಂದ ಬೀಜಕ್ಕೆ ತೂತು ಹಾಕಿ, ಕೈಗೆ ಬಂದ ಕಡೆ ಕಟ್ಟಿದಳು.

"ಛೀ! ಗಾಜಿನ ಸರಕ್ಕೆ ಹುಣಸೆಬೀಜ!" ಎಂದ ಥಳಕರಾಯ. ಸರವನ್ನು ಕನ್ನಡಿಗೆ ಹಿಡಿದ.

ಮೊದಲ ಸಲ ಕನ್ನಡಿಯಿಂದ ಸರ ಬಿತ್ತು. ಬೀಜವಿದ್ದ ಕಡೆ ಬೀಜವೇ ಇಲ್ಲ, ಕೆಂಪು ಕೊಂಡಿ ನೀಟಾಗಿ ಕೂತಿತ್ತು. ತಪ್ಪನ್ನು ಕಂಡರೆ ತಿದ್ದದೇ ಇರಲು ಆ ಕನ್ನಡಿಗೆ ಬರುತ್ತಿರಲಿಲ್ಲ.

"ಬೀಜ! ಬೀಜ ಬೇಕು!" ಎಂದು ಗದರಿದ. ಎರಡನೇ ಸಲ ಬೀಜ ಬಂತು. ಆದರೆ ಮಾಣಿಕ್ಯದಂತೆ ಹೊಳೆಯುತ್ತ, ಸರದ ನಟ್ಟನಡುವೆ, ಪದಕವಾಗಿ.

"ನಡುವೆ ಅಲ್ಲ! ಅಡ್ಡಾದಿಡ್ಡಿ ಜಾಗದಲ್ಲಿ!" ಮಾಂತ್ರಿಕನ ಹಣೆ ಬೆವರಿತು. ಹೊರಗೆ ಬೆಟ್ಟದಂಚು ಬೆಳ್ಳಗಾಗುತ್ತಿತ್ತು. ಮೂರನೇ ಸಲ ಬಂದ ಸರದಲ್ಲಿ ಒಂಬತ್ತು ಬೀಜ, ಸರಿಯಾಗಿ ಒಂಬತ್ತೊಂಬತ್ತು ಕೊಂಡಿಗೊಂದರಂತೆ. ತಪ್ಪನ್ನೂ ಸಾಲು ಹಿಡಿದು ನಿಲ್ಲಿಸಿತ್ತು.

"ಅಣ್ಣಾ," ಎಂದಳು ಹೊನ್ನಿ ಮೆಲ್ಲಗೆ, "ಲೆಕ್ಕ ಹಾಕಿ ಇಟ್ರೆ ಅದು ಅಲಂಕಾರ."

ಕನ್ನಡಿ ಹೆಚ್ಚಿತು. ನೆತ್ತಿಯಿಂದ ಬುಡದವರೆಗೆ ಸೀಳಿ ಚೂರುಚೂರಾಯಿತು. ಒಂಬತ್ತೂ ಮೆಟ್ಟಿಲಲ್ಲಿ ಕೊಂಡಿಗಳು ಕಟಕಟನೆ ಬಿಚ್ಚಿ ಬಿದ್ದವು. ಬಂಗಾರ ಬೂದಿಯಾಯಿತು, ಮರ ಮೈಯಾಯಿತು. ಕೆಂಚಿ ಮೆಟ್ಟಿಲಿಳಿದು ಬಂದು ಮೂರನೇ ಸರವನ್ನು ಎತ್ತಿ ನೋಡಿದಳು.

"ಒಂಬತ್ತು ಬೀಜ! ಇದು ಇಡೀ ಊರಿಗೆ ಸಾರು ಆಗ್ತದಲ್ಲಕ್ಕಾ!"

ಅಂದು ಅವಳು ನಕ್ಕ ನಗೆಗೆ ಕಂದಕದ ಸರ್ಪದ ಏಳೂ ಕುಲಾವಿ ಓರೆಯಾದವು. ರಾಣಿಯೂ ನಕ್ಕಳು, ಊರೂ ನಕ್ಕಿತು. ಬೆಟ್ಟದ ಮೇಲೆ ಚಂದ್ರ ಮೂಡಿದ. ನೋಡಲು ಅಲ್ಲಿ ಒಂದು ಗೊಂಬೆಯೂ ಉಳಿದಿರಲಿಲ್ಲ.

ಆನೆಯ ಸರಪಳಿ ಉದುರಿತು. ಆದರೂ ಅದು ಬಟ್ಟೆಪಟ್ಟಿಯನ್ನು ಬಿಚ್ಚಗೊಡಲಿಲ್ಲ. ಕನ್ನಡಿಚೂರುಗಳನ್ನು ಹೊನ್ನಿ ಬುಟ್ಟಿಗೆ ತುಂಬಿಕೊಂಡಳು. ರವಿಕೆಗೆ ಹೊಲಿದರೆ ಎಷ್ಟು ಚೆಂದ! ಮಂತ್ರ ಕಳೆದುಕೊಂಡ ಥಳಕರಾಯನನ್ನು ಅಜ್ಜಿಯ ಜಗಲಿಯಲ್ಲಿ ಕೂರಿಸಿ, ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಕೆಲಸ ಕೊಟ್ಟರು. ಬಿಡಿಸಿದ ಬೀಜವನ್ನು ಅವನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಾನೆ. ಅಜ್ಜಿ ಹೋಗುವಾಗ ಬರುವಾಗ ಕಾಲಿನಿಂದ ಚೆದುರಿಸುತ್ತಾಳೆ.

ಕೆಂಚಿ ಈಗ ಅಕ್ಕನ ಪಕ್ಕ ಕೂತು ಮಣಿ ಪೋಣಿಸುತ್ತಾಳೆ. ಬೀಜ ಕಂಡಾಗೆಲ್ಲ ನಗುತ್ತಾಳೆ. ಮೂರನೇ ಮನೆಯ ಕೋಳಿಗೆ ಪುರುಸೊತ್ತಿಲ್ಲ. ಹವಳಗಿರಿಯವರು ಹಾಗೆ ಹಾಯಾಗಿದ್ದಾರೆ. ನನ್ನ ಕತೆಯಲ್ಲೂ ಎಲ್ಲೋ ಒಂದು ತಪ್ಪಿದ್ದರೆ ಇರಲಿ ಬಿಡಿ, ದೃಷ್ಟಿಯಾಗುವುದಿಲ್ಲ.